ಸರೋವರದ ದಡದ ಹುಡುಗ: ಜಾನ್ ಮ್ಯೂರ್



ಒಬ್ಬ ಲೇಖಕ ಎಲ್ಲಿ ಹುಟ್ಟಿದ, ಯಾವ ಪುಸ್ತಕ ಬರೆದ, ಯಾವ ಪ್ರಶಸ್ತಿ ಪಡೆದ ಎಂಬ ವಿವರಗಳನ್ನು ನಾವು ಪರೀಕ್ಷೆಗಾಗಿ ಓದುತ್ತೇವೆ. ಆದರೆ ಅವನು ಹನ್ನೊಂದನೆಯ ವಯಸ್ಸಿನಲ್ಲಿ ಬೆಳಗ್ಗೆ ಎದ್ದು ಕಣ್ಣುಬಿಟ್ಟಾಗ ಕಿಟಕಿಯ ಆಚೆ ಏನು ಕಾಣುತ್ತಿತ್ತು ಎಂದು ಕೇಳುವುದಿಲ್ಲ. ಇಂದು ನಾನು ನಿಮಗೆ ಪರಿಚಯಿಸಲು ಹೊರಟಿರುವ ವ್ಯಕ್ತಿಯ ವಿಷಯದಲ್ಲಿ ಈ ಪ್ರಶ್ನೆಯನ್ನು ಮೊದಲು ಕೇಳಬೇಕು. ಅವರ ಹೆಸರು ಜಾನ್ ಮ್ಯೂರ್. ಅಮೆರಿಕದ ರಾಷ್ಟ್ರೀಯ ಉದ್ಯಾನಗಳ ಇತಿಹಾಸದಲ್ಲಿ ದೊಡ್ಡ ಹೆಸರು. ಕಿಟಕಿಯ ಆಚೆ ಕಾಣುತ್ತಿದ್ದದ್ದು ಒಂದು ಸಣ್ಣ ಸರೋವರ.

ಮ್ಯೂರ್ ಹುಟ್ಟಿದ್ದು ಅಮೆರಿಕದಲ್ಲಲ್ಲ. ಸ್ಕಾಟ್ಲೆಂಡಿನ ಕಡಲತೀರದ ಡನ್‌ಬಾರ್ ಎಂಬ ಊರಿನಲ್ಲಿ, 1838ರ ಏಪ್ರಿಲ್ 21ರಂದು. ಎಂಟು ಮಕ್ಕಳಲ್ಲಿ ಮೂರನೆಯವನು. ತಂದೆ ಡೇನಿಯಲ್ ಮ್ಯೂರ್ ಕಟ್ಟಾ ಧಾರ್ಮಿಕ, ಬಹಳ ಕಟ್ಟುನಿಟ್ಟಿನ ಮನುಷ್ಯ. ಹುಡುಗ ದಿನಕ್ಕಿಷ್ಟು ಎಂದು ಬೈಬಲಿನ ವಾಕ್ಯಗಳನ್ನು ಬಾಯಿಪಾಠ ಮಾಡಬೇಕು, ತಪ್ಪಿದರೆ ಬೆತ್ತ. ಹನ್ನೊಂದು ವರ್ಷ ಆಗುವಷ್ಟರಲ್ಲಿ ಹೊಸ ಒಡಂಬಡಿಕೆ ಪೂರ್ತಿ, ಹಳೆಯ ಒಡಂಬಡಿಕೆಯ ಬಹುಭಾಗ ಅವನಿಗೆ ಕಂಠಪಾಠವಾಗಿತ್ತು. ಶಾಲೆಯಲ್ಲಿಯೂ ಪಾಠ, ಏಟು ಎರಡೂ ಜೊತೆಜೊತೆಗೇ ನಡೆಯುತ್ತಿದ್ದವು.

1849ರ ಫೆಬ್ರವರಿಯ ಒಂದು ರಾತ್ರಿ ಮಕ್ಕಳು ಅಜ್ಜನ ಮನೆಯಲ್ಲಿ ಒಲೆಯ ಪಕ್ಕ ಕುಳಿತು ಪಾಠ ಓದುತ್ತಿದ್ದರು. ತಂದೆ ಒಳಗೆ ಬಂದು, ಇವತ್ತು ಪಾಠ ಕಲಿಯಬೇಕಾಗಿಲ್ಲ, ಬೆಳಗ್ಗೆ ನಾವು ಅಮೆರಿಕಕ್ಕೆ ಹೊರಡುತ್ತೇವೆ ಎಂದರು. ಮಕ್ಕಳಿಗೆ ಹಿಡಿಸಲಾರದ ಸಂತೋಷ. ಅಜ್ಜನ ಮುಖ ಮಾತ್ರ ಬಾಡಿತ್ತು. ತಾಯಿ ಮತ್ತು ಉಳಿದ ಮಕ್ಕಳು ಹಿಂದೆ ಉಳಿದರು. ಅಕ್ಕ ಸಾರಾ, ಜಾನ್, ತಮ್ಮ ಡೇವಿಡ್ ಈ ಮೂವರನ್ನು ಕರೆದುಕೊಂಡು ತಂದೆ ಹಡಗು ಹತ್ತಿದರು. ಹಾಯಿಹಡಗಿನಲ್ಲಿ ಸುಮಾರು ಆರು ವಾರಗಳ ಪ್ರಯಾಣ. ಕೊನೆಗೆ ಅವರು ಬಂದು ನೆಲೆಸಿದ್ದು ವಿಸ್ಕಾನ್ಸಿನ್ ರಾಜ್ಯದಲ್ಲಿ, ಪೋರ್ಟೇಜ್ ಪಟ್ಟಣಕ್ಕೆ ಉತ್ತರದ ಕಾಡುಪ್ರದೇಶದಲ್ಲಿ. ಓಕ್ ಮರಗಳ ನಡುವೆ ಮೊದಲು ಒಂದು ಗುಡಿಸಲು, ಕೆಲವು ತಿಂಗಳ ನಂತರ ಮರದ ಮನೆ. ಮನೆಯ ಕೆಳಗೆ ಒರತೆಗಳಿಂದ ಜಿನುಗುವ ಹಸಿರು ಹುಲ್ಲುಗಾವಲು. ಅದರಾಚೆ ಬಿಳಿ ನೈದಿಲೆ ಅಂಚು ಕಟ್ಟಿದ ಸರೋವರ. ಮ್ಯೂರ್ ಕುಟುಂಬ ಅದನ್ನು ‘ಫೌಂಟನ್ ಲೇಕ್’, ಎಂದರೆ ಒರತೆಯ ಸರೋವರ, ಎಂದು ಕರೆಯಿತು. ಇಂದು ಅದರ ಹೆಸರು ಎನ್ನಿಸ್ ಲೇಕ್.

ಈ ಸರೋವರ ಹೇಗೆ ಉಂಟಾಯಿತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಹಿಮಯುಗದಲ್ಲಿ ಉತ್ತರ ಅಮೆರಿಕದ ಬಹುಭಾಗವನ್ನು ಭಾರಿ ಹಿಮದ ಹಾಸು ಮುಚ್ಚಿತ್ತು. ಅದು ಹಿಂದೆ ಸರಿಯುವಾಗ ದೊಡ್ಡ ದೊಡ್ಡ ಮಂಜುಗಡ್ಡೆಗಳು ಒಡೆದು, ಮರಳು ಜಲ್ಲಿಗಳ ಕೆಳಗೆ ಹೂತುಹೋದವು. ಕಾಲಾನಂತರ ಆ ಗಡ್ಡೆ ಕರಗಿದಾಗ ಅದಿದ್ದ ಜಾಗ ಕುಸಿದು ಕೊಪ್ಪರಿಗೆಯಂಥ ತಗ್ಗು ಉಳಿಯಿತು. ಅದರಲ್ಲಿ ನೀರು ನಿಂತು ಸರೋವರವಾಯಿತು. ನಮ್ಮ ಕೆರೆಗಳು ಮನುಷ್ಯರು ಏರಿ ಕಟ್ಟಿ ಮಾಡಿದಂಥವು. ಇದು ಹಿಮ ಮಾಡಿದ ಕೆರೆ. ಈ ವಿಷಯ ಆ ಹುಡುಗನಿಗೆ ಆಗ ತಿಳಿದಿರಲಿಲ್ಲ. ಆದರೆ ಮುಂದೆ ಅವನ ಬದುಕಿನಲ್ಲಿ ಹಿಮ ಮತ್ತೆ ಬರುತ್ತದೆ. ಆದ್ದರಿಂದ ಇದನ್ನು ನೆನಪಿನಲ್ಲಿಡಿ.

ಬಂಡಿಯಿಂದ ಇಳಿದ ಮೊದಲ ದಿನವೇ ಅಣ್ಣತಮ್ಮಂದಿರು ನೀಲಿ ಜೇ ಹಕ್ಕಿಯ ಗೂಡು ಕಂಡು ಮರ ಹತ್ತಿದರು. ಅಲ್ಲಿಂದ ಮುಂದೆ ಪ್ರತಿದಿನವೂ ಒಂದು ಹೊಸ ಪಾಠ. ಮೊದಲ ಬೇಸಿಗೆಯಲ್ಲಿ ಒಂದು ರಾತ್ರಿ ಹುಲ್ಲುಗಾವಲಿನ ಮೇಲೆ ಸಾವಿರಾರು ಕಿಡಿಗಳು ಮಿನುಗಿದವು. ಸ್ಕಾಟ್ಲೆಂಡಿನ ಹುಡುಗ ಇಂಥದನ್ನು ಎಂದೂ ಕಂಡವನಲ್ಲ. ತನ್ನ ಕಣ್ಣಿಗೇ ಏನೋ ಆಗಿದೆ ಎಂದು ಭಾವಿಸಿ ತಮ್ಮನನ್ನು ಕೇಳಿದ. ತಮ್ಮನಿಗೂ ಅದೇ ಕಾಣುತ್ತಿತ್ತು. ಕೊನೆಗೆ ಅವು ಮಿಂಚುಹುಳುಗಳು ಎಂದು ಮನೆಯ ಕೆಲಸದಾಳು ತಿಳಿಸಿದ. ಮಲೆನಾಡಿನ ಮಕ್ಕಳಿಗೆ ಇದು ನಗು ತರಿಸಬಹುದು. ಆದರೆ ನೋಡಿದ್ದನ್ನು ಕೂಡಲೇ ನಂಬದೆ, ಮೊದಲು ತನ್ನ ಕಣ್ಣನ್ನು ಸಂಶಯಪಟ್ಟು, ಆಮೇಲೆ ಇನ್ನೊಬ್ಬನ ಕಣ್ಣಿನಿಂದ ಖಚಿತಪಡಿಸಿಕೊಂಡನಲ್ಲ, ಅದು ಒಳ್ಳೆಯ ವಿಜ್ಞಾನಿಯ ಲಕ್ಷಣ.

ಈಜು ಕಲಿಯಬೇಕೆಂದಾಗ ತಂದೆ ಹೇಳಿದ್ದು ಒಂದೇ ಮಾತು: ಕಪ್ಪೆಗಳನ್ನು ಹೋಗಿ ನೋಡು, ಅವೇ ಕಲಿಸುತ್ತವೆ. ಹುಡುಗ ಹಾಗೆಯೇ ಕಲಿತ. ಆದರೆ ಒಂದು ದಿನ ಸರೋವರದ ನಡುವೆ ದೋಣಿಯ ಅಂಚನ್ನು ಹಿಡಿಯಲು ಹೋಗಿ ಕೈತಪ್ಪಿ ಮುಳುಗಿದ. ಗಾಬರಿಯಲ್ಲಿ ಕಲಿತದ್ದೆಲ್ಲ ಮರೆತುಹೋಯಿತು. ಮೇಲೆ ಬಂದು ಮುಳುಗಿ, ಮತ್ತೆ ಮೇಲೆ ಬಂದು ಮುಳುಗಿ, ಪ್ರಾಣ ಹೋಗುವಂತಾದಾಗ ತನಗೆ ನೀರಿನೊಳಗೂ ಈಜಲು ಬರುತ್ತದೆ ಎಂಬುದು ನೆನಪಾಯಿತು. ಹಾಗೂ ಹೀಗೂ ದಡ ಸೇರಿದ. ಅವನಿಗೆ ತನ್ನ ಭಯದ ಬಗ್ಗೆ ಬಹಳ ನಾಚಿಕೆಯಾಯಿತು. ಸ್ವಲ್ಪ ಸಮಯದ ನಂತರ ಒಬ್ಬನೇ ದೋಣಿ ತೆಗೆದುಕೊಂಡು ನಡುನೀರಿಗೆ ಹೋಗಿ, ತನ್ನನ್ನು ತಾನೇ ಶಿಕ್ಷಿಸಿಕೊಳ್ಳುವವನಂತೆ ಮತ್ತೆ ಮತ್ತೆ ಧುಮುಕಿದ. ಮುಂದೆ ಆತ ಹಿಮನದಿಗಳ ಮೇಲೆ, ಕಡಿದಾದ ಬಂಡೆಗಳ ಮೇಲೆ ಒಬ್ಬಂಟಿಯಾಗಿ ಓಡಾಡಿದ ಕಥೆಗಳನ್ನು ಓದುವಾಗ ಈ ದೋಣಿಯ ನೆನಪಾಗುತ್ತದೆ. ನೀವು ಮಾತ್ರ ಈ ಪ್ರಯೋಗ ಮಾಡಬೇಡಿ. ಈಜು ಬಲ್ಲ ಹಿರಿಯರಿಲ್ಲದೆ ನೀರಿಗೆ ಇಳಿಯಬೇಡಿ.

ಸರೋವರಕ್ಕೆ ಲೂನ್ ಎಂಬ ದೊಡ್ಡ ಮುಳುಗುಹಕ್ಕಿ ಬರುತ್ತಿತ್ತು. ಆಗಿನ ಹುಡುಗರಂತೆ ಜಾನ್ ಕೂಡ ಬಂದೂಕು ಹಿಡಿದವನೇ. ಒಮ್ಮೆ ಅಂಥ ಹಕ್ಕಿಯೊಂದಕ್ಕೆ ಗುಂಡು ಹೊಡೆದು, ಸಣ್ಣ ಗಾಯವಾದ ಅದನ್ನು ಮನೆಗೆ ತಂದ. ಒಲೆಯ ಹತ್ತಿರವಿದ್ದ ಬೆಕ್ಕು ಈ ವಿಚಿತ್ರ ಅತಿಥಿಯನ್ನು ಪರೀಕ್ಷಿಸಲು ಮೆಲ್ಲಗೆ ಬಂತು. ಹಕ್ಕಿ ಅಲ್ಲಾಡದೆ ಕಾದು, ಸರಿಯಾದ ದೂರಕ್ಕೆ ಬಂದಾಗ ಬೆಕ್ಕಿನ ಕಣ್ಣುಗಳ ನಡುವೆ ಕೊಕ್ಕಿನಿಂದ ಒಂದೇಟು ಕೊಟ್ಟಿತು. ಮನೆಯ ಎತ್ತು ಬಕ್ ಸಿಹಿಗುಂಬಳವನ್ನು ಹಣೆಯಿಂದ ಒತ್ತಿ ಒಡೆದು ತಿನ್ನುವ ಉಪಾಯ ಕಂಡುಕೊಂಡಿತ್ತು. ಇವೆಲ್ಲವನ್ನೂ ನೋಡುತ್ತ, ಪ್ರಾಣಿಗಳು ಯಂತ್ರಗಳಲ್ಲ, ಅವುಗಳಿಗೂ ಬುದ್ಧಿ, ನೋವು, ಸಂತೋಷ ಇವೆ ಎಂಬುದು ಹುಡುಗನಿಗೆ ಮನದಟ್ಟಾಯಿತು. ನಾಬ್ ಎಂಬ ಕುದುರೆ ಸತ್ತಾಗ ಅದು ಇನ್ನೂ ಗಟ್ಟಿಯಾಯಿತು. ಧಾರ್ಮಿಕ ಸಭೆಗೆ ಹೊತ್ತಾಯಿತೆಂದು ತಂದೆ ಬಿಸಿಲಿನಲ್ಲಿ, ಮರಳುದಾರಿಯಲ್ಲಿ ಅದನ್ನು ಪೋರ್ಟೇಜ್‌ವರೆಗೆ ಓಡಿಸಿದ್ದರು. ಅದು ಮತ್ತೆ ಚೇತರಿಸಿಕೊಳ್ಳಲಿಲ್ಲ. ಆ ಸಾವನ್ನು ಮ್ಯೂರ್ ಎಪ್ಪತ್ತು ದಾಟಿದ ಮೇಲೂ ಮರೆತಿರಲಿಲ್ಲ.

ಮಿತ್ರರೇ, ಇದುವರೆಗಿನ ಮಾತು ಕೇಳಿ ಎಂಥ ಸುಖದ ಬಾಲ್ಯ ಎಂದುಕೊಂಡಿರಬಹುದು. ಹಾಗಲ್ಲ. ಹನ್ನೆರಡು ವರ್ಷಕ್ಕೆ ಜಾನ್ ನೇಗಿಲು ಹಿಡಿದ. ಅವನ ತಲೆ ನೇಗಿಲ ಹಿಡಿಗಿಂತ ಸ್ವಲ್ಪವೇ ಮೇಲಿತ್ತು. ಗಂಡುಮಕ್ಕಳಲ್ಲಿ ಹಿರಿಯವನಾದ್ದರಿಂದ ಕಡಿದ ಮರಗಳ ಬೊಡ್ಡೆ ಕೀಳುವ ಕೆಲಸವೂ ಅವನ ಪಾಲಿಗೆ ಬಂತು. ಸುಗ್ಗಿಯ ಕಾಲದಲ್ಲಿ ದಿನಕ್ಕೆ ಹದಿನಾರು ಹದಿನೇಳು ಗಂಟೆ ದುಡಿತ. ನ್ಯುಮೋನಿಯಾ ಬಂದು ವಾರಗಟ್ಟಲೆ ಮಲಗಿದಾಗಲೂ ವೈದ್ಯರನ್ನು ಕರೆಸಲಿಲ್ಲ. ದೇವರು ಮತ್ತು ದುಡಿಮೆಯೇ ಒಳ್ಳೆಯ ವೈದ್ಯರು ಎಂಬುದು ತಂದೆಯ ನಂಬಿಕೆ. ಅಮೆರಿಕಕ್ಕೆ ಬಂದ ಮೇಲೆ ಶಾಲೆ ಹೆಚ್ಚುಕಡಿಮೆ ನಿಂತೇಹೋಯಿತು. ಅಂಥ ದಿನಗಳಲ್ಲಿ ಸರೋವರ ಅವನಿಗೆ ಆಟದ ಜಾಗ ಮಾತ್ರವಲ್ಲ, ಉಸಿರಾಡುವ ಜಾಗವಾಗಿತ್ತು.

ಅವನು ಇನ್ನೂ ಒಂದು ಸಂಗತಿಯನ್ನು ಗಮನಿಸಿದ. ಮೊದಮೊದಲು ಚೆನ್ನಾಗಿ ಗೋಧಿ ಕೊಟ್ಟ ಹೊಲ ನಾಲ್ಕೈದು ವರ್ಷಗಳಲ್ಲಿ ಸತ್ವ ಕಳೆದುಕೊಂಡು, ಇಳುವರಿ ಅರ್ಧಕ್ಕಿಂತ ಕೆಳಗೆ ಇಳಿಯಿತು. ಮರಳುಮಿಶ್ರಿತ ನೆಲಕ್ಕೆ ಹಿಂದಕ್ಕೆ ಏನೂ ಕೊಡದೆ ಪ್ರತಿವರ್ಷ ತೆಗೆಯುತ್ತಲೇ ಹೋದುದರ ಫಲ ಅದು. ಆಕಾಶದಲ್ಲಿ ಪ್ಯಾಸೆಂಜರ್ ಪಿಜನ್ ಎಂಬ ಪಾರಿವಾಳಗಳ ಹಿಂಡು ದಿಗಂತದಿಂದ ದಿಗಂತಕ್ಕೆ ನದಿಯಂತೆ ಹರಿಯುತ್ತಿದ್ದುದನ್ನು ಅವನು ಕಂಡಿದ್ದ. ಜನ ಅವುಗಳನ್ನು ಲೆಕ್ಕವಿಲ್ಲದಂತೆ ಕೊಂದರು. ಆ ಜಾತಿಯ ಕೊನೆಯ ಹಕ್ಕಿ ಸಿನ್ಸಿನಾಟಿಯ ಮೃಗಾಲಯದಲ್ಲಿ 1914ರ ಸೆಪ್ಟೆಂಬರ್ 1ರಂದು ಸತ್ತಿತು. ಅದೇ ವರ್ಷದ ಕೊನೆಯಲ್ಲಿ ಮ್ಯೂರ್ ಕೂಡ ತೀರಿಕೊಂಡರು. ಒಂದು ಜೀವಿತಾವಧಿಯಲ್ಲಿ ಕೋಟಿಗಟ್ಟಲೆ ಇದ್ದ ಹಕ್ಕಿ ಸೊನ್ನೆಗೆ ಬಂದಿತ್ತು.

ಸುಮಾರು ಎಂಟು ವರ್ಷ ದುಡಿದು ಆ ಜಮೀನನ್ನು ಹದಕ್ಕೆ ತಂದ ಮೇಲೆ ತಂದೆ ಕೆಲವು ಮೈಲಿ ದೂರದಲ್ಲಿ ಹಿಕರಿ ಹಿಲ್ ಎಂಬ ಹೊಸ ಜಮೀನು ಕೊಂಡರು. ಅಲ್ಲಿ ಸರೋವರವೂ ಇಲ್ಲ, ಒರತೆಯೂ ಇಲ್ಲ. ಬಾವಿ ತೋಡಬೇಕು. ಮೊದಲ ಹತ್ತಡಿ ಬಿಟ್ಟರೆ ಕೆಳಗೆಲ್ಲ ಮರಳುಗಲ್ಲು. ಸುತ್ತಿಗೆ, ಚಾಣ ಹಿಡಿದು ಜಾನ್ ಒಬ್ಬನೇ ತಿಂಗಳುಗಟ್ಟಲೆ ಕಲ್ಲು ಕೆತ್ತಿದ. ಬಾವಿಯ ಅಗಲ ಸುಮಾರು ಮೂರೇ ಅಡಿ. ಬೆಳಗ್ಗೆ ಬಕೆಟ್ಟಿನಲ್ಲಿ ಕೂರಿಸಿ ಕೆಳಗೆ ಬಿಡುತ್ತಿದ್ದರು, ಊಟಕ್ಕೆ ಎಳೆದುಕೊಳ್ಳುತ್ತಿದ್ದರು, ಮತ್ತೆ ರಾತ್ರಿಯವರೆಗೆ ಕೆಳಗೆ. ಸುಮಾರು ಎಂಬತ್ತು ಅಡಿ ಆಳದಲ್ಲಿ ಒಂದು ಬೆಳಗ್ಗೆ ಇಳಿದ ಕೂಡಲೇ ತಲೆ ತಿರುಗಿತು. ರಾತ್ರಿ ತಳದಲ್ಲಿ ಇಂಗಾಲದ ಡೈ ಆಕ್ಸೈಡ್ ಅನಿಲ ತುಂಬಿಕೊಂಡಿತ್ತು. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಹುಡುಗ ಹೇಗೋ ಬಕೆಟ್ಟಿನೊಳಗೆ ಸೇರಿಕೊಂಡ. ಮೇಲಿನವರು ಎಳೆದು ಹಾಕಿದರು. ಗಣಿಗಳಲ್ಲಿ ದುಡಿದು ಅನುಭವವಿದ್ದ ನೆರೆಯವರೊಬ್ಬರು, ಇಳಿಯುವ ಮೊದಲು ನೀರು ಎರಚಿ, ಹಗ್ಗಕ್ಕೆ ಸೊಪ್ಪಿನ ಕಟ್ಟು ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಬೇಕೆಂದು ಹೇಳಿಕೊಟ್ಟರು. ಒಂದೆರಡು ದಿನ ಸುಧಾರಿಸಿಕೊಂಡ ಮೇಲೆ ಹುಡುಗ ಮತ್ತೆ ಇಳಿಯಲೇಬೇಕಾಯಿತು. ತೊಂಬತ್ತು ಅಡಿಯಲ್ಲಿ ನೀರು ಸಿಕ್ಕಿತು. ತಂದೆ ಆ ಬಾವಿಯಲ್ಲಿ ಒಂದು ಗಂಟೆಯೂ ಕಳೆಯಲಿಲ್ಲ ಎಂದು ಮ್ಯೂರ್ ಮುಂದೆ ಬರೆದರು. ನೈದಿಲೆಯ ಸರೋವರ ಬಿಟ್ಟು ಬಂದವನಿಗೆ ನೀರಿನ ಬೆಲೆ ಹೀಗೆ ತಿಳಿಯಿತು.

ಈ ಹುಡುಗ ಓದಿದ್ದು ಯಾವಾಗ? ರಾತ್ರಿ ಪ್ರಾರ್ಥನೆ ಮುಗಿದ ಕೂಡಲೇ ಮಲಗಬೇಕೆಂಬುದು ಮನೆಯ ನಿಯಮ. ಓದುತ್ತ ಕುಳಿತವನನ್ನು ತಂದೆ ಗದರಿಸಿ, ಓದಲೇಬೇಕಿದ್ದರೆ ಬೆಳಗ್ಗೆ ಎಷ್ಟು ಬೇಗ ಬೇಕಾದರೂ ಏಳು ಎಂದುಬಿಟ್ಟರು. ಜಾನ್ ಮರುದಿನ ಎದ್ದದ್ದು ರಾತ್ರಿ ಒಂದು ಗಂಟೆಗೆ! ಮಾತು ಕೊಟ್ಟ ತಂದೆ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಹೀಗೆ ದಿನಕ್ಕೆ ಐದು ಗಂಟೆ ಸ್ವಂತ ಸಮಯ ಸಿಕ್ಕಿತು. ಕೊರೆಯುವ ಚಳಿಯಲ್ಲಿ ನೆಲಮಾಳಿಗೆಯಲ್ಲಿ ಕುಳಿತು ಮರದ ಗಡಿಯಾರಗಳನ್ನು, ಗೊತ್ತಾದ ಹೊತ್ತಿಗೆ ಮಂಚವನ್ನು ವಾಲಿಸಿ ಮಲಗಿದವನನ್ನು ನಿಲ್ಲಿಸುವ ಯಂತ್ರವನ್ನು ಮಾಡಿದ. 1860ರಲ್ಲಿ ಅವನ್ನು ಹೊತ್ತು ಮ್ಯಾಡಿಸನ್ ನಗರದ ರಾಜ್ಯ ಮೇಳಕ್ಕೆ ಹೋದ. ಜನ ಬೆರಗಾದರು. 1861ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಬಾಗಿಲು ತೆರೆಯಿತು.

ಅಲ್ಲಿ ಒಂದು ದಿನ ಸಹಪಾಠಿಯೊಬ್ಬರು ಲೋಕಸ್ಟ್ ಮರದ ಹೂವೊಂದನ್ನು ಕಿತ್ತು, ಇದು ಯಾವ ಕುಟುಂಬಕ್ಕೆ ಸೇರಿದ್ದು ಹೇಳು ಎಂದರು. ನಂತರ ದಳ, ಕೇಸರ, ಕಾಯಿ, ಎಲೆಗಳ ರಚನೆ ತೋರಿಸಿ, ಈ ಮುಳ್ಳಿನ ದೊಡ್ಡ ಮರವೂ ಬಟಾಣಿಯ ಬಳ್ಳಿಯೂ ಒಂದೇ ಕುಟುಂಬದವು ಎಂದು ವಿವರಿಸಿದರು. ನಮ್ಮಲ್ಲಿ ಹೊಂಗೆ ಮರ, ತೊಗರಿ ಗಿಡ, ಅವರೆ ಬಳ್ಳಿ ಒಂದೇ ಕುಟುಂಬಕ್ಕೆ ಸೇರಿದ ಹಾಗೆ. ಅದುವರೆಗೆ ಮ್ಯೂರ್ ಹೂವನ್ನು ಪ್ರೀತಿಸಿದ್ದರು. ಈಗ ಹೂವಿನೊಳಗೆ ಒಂದು ವ್ಯವಸ್ಥೆ ಇದೆ ಎಂಬುದು ಕಂಡಿತು. ಸರೋವರದ ಹುಲ್ಲುಗಾವಲು ಕೊಟ್ಟ ಪ್ರೀತಿಗೆ ವಿಜ್ಞಾನದ ಶಿಸ್ತು ಸೇರಿತು. 1863ರಲ್ಲಿ ಪದವಿ ಮುಗಿಸದೆಯೇ ಅವರು ಹೊರಬಂದರು. ಮೆಂಡೋಟ ಸರೋವರದ ಪಕ್ಕದ ಗುಡ್ಡದ ಮೇಲೆ ನಿಂತು ವಿಶ್ವವಿದ್ಯಾನಿಲಯವನ್ನು ತಿರುಗಿ ನೋಡಿ ಕಣ್ಣೀರು ಹಾಕಿ ಮುಂದೆ ನಡೆದರು.

ಆದರೂ ಅವರು ನೇರವಾಗಿ ಕಾಡಿಗೆ ಹೋಗಲಿಲ್ಲ. ಯಂತ್ರದ ಕೈಚಳಕ ಇದ್ದುದರಿಂದ ಕಾರ್ಖಾನೆಗಳಲ್ಲಿ ಕೆಲಸ ಸುಲಭವಾಗಿ ಸಿಗುತ್ತಿತ್ತು. 1867ರ ಮಾರ್ಚ್ ತಿಂಗಳಲ್ಲಿ ಇಂಡಿಯಾನಾಪೊಲಿಸ್ ನಗರದ ಕಾರ್ಖಾನೆಯೊಂದರಲ್ಲಿ ಅರದ ಚೂಪು ತುದಿ ಜಾರಿ ಬಲಗಣ್ಣಿಗೆ ಚುಚ್ಚಿತು. ಸ್ವಲ್ಪ ಹೊತ್ತಿನಲ್ಲಿ ಎಡಗಣ್ಣೂ ಮಂಜಾಯಿತು. ಕೆಲವು ವಾರ ಕತ್ತಲೆಯ ಕೋಣೆಯಲ್ಲಿ ಮಲಗಿದ್ದರು. ಮಿಂಚುಹುಳು ಕಂಡು ಕಣ್ಣನ್ನು ಸಂಶಯಪಟ್ಟಿದ್ದ ಹುಡುಗ ಈಗ ನಿಜವಾಗಿಯೂ ಕಣ್ಣು ಕಳೆದುಕೊಳ್ಳುವ ಹಂತದಲ್ಲಿದ್ದ. ಅದೃಷ್ಟವಶಾತ್ ದೃಷ್ಟಿ ಮರಳಿತು. ಇನ್ನು ಮುಂದಿನ ಬದುಕು ಯಂತ್ರಗಳಿಗಲ್ಲ ಎಂದು ಮ್ಯೂರ್ ತೀರ್ಮಾನಿಸಿದರು. ಅದೇ ಸೆಪ್ಟೆಂಬರ್‌ನಲ್ಲಿ ಕೆಂಟಕಿ ರಾಜ್ಯದಿಂದ ಫ್ಲಾರಿಡಾದ ಕಡಲತೀರದವರೆಗೆ ಸುಮಾರು ಸಾವಿರ ಮೈಲಿ ನಡೆದರು. ದಾರಿಯುದ್ದಕ್ಕೂ ದಿನಚರಿ ಬರೆದರು. 1868ರಲ್ಲಿ ಕ್ಯಾಲಿಫೋರ್ನಿಯಾ ತಲುಪಿ ಸಿಯೆರಾ ನೆವಾಡ ಪರ್ವತಗಳನ್ನು, ಯೊಸೆಮಿಟಿ ಕಣಿವೆಯನ್ನು ಕಂಡರು.

ಅಲ್ಲಿ ಕುರಿ ಕಾದರು, ಮರ ಕೊಯ್ಯುವ ಗಿರಣಿಯಲ್ಲಿ ದುಡಿದರು, ಬಿಡುವು ಸಿಕ್ಕಾಗ ಬೆಟ್ಟ ಹತ್ತಿದರು. ಯೊಸೆಮಿಟಿಯ ಕಡಿದಾದ ಬಂಡೆಗೋಡೆಗಳು ಹೇಗೆ ಉಂಟಾದವು ಎಂಬುದು ಆಗಿನ ದೊಡ್ಡ ಪ್ರಶ್ನೆ. ಭಾರಿ ಭೂಕುಸಿತದಿಂದ ಕಣಿವೆಯ ತಳ ಕೆಳಗೆ ಇಳಿಯಿತು ಎಂಬುದು ರಾಜ್ಯದ ಭೂವಿಜ್ಞಾನಿ ಜೋಸಯಾ ವಿಟ್ನಿಯವರ ವಾದ. ಮ್ಯೂರ್ ಬಂಡೆಗಳ ಮೇಲಿನ ಗೀರುಗಳನ್ನು, ನುಣುಪನ್ನು, ಕಲ್ಲುರಾಶಿಗಳನ್ನು ನೋಡಿ, ಇದು ಹಿಮನದಿಗಳ ಕೆಲಸ ಎಂದರು. ವಿದ್ವಾಂಸರು ಅವರನ್ನು ಕುರಿ ಕಾಯುವವನೆಂದು ಹೀಗಳೆದರು. ಮ್ಯೂರ್ ಸಿಯೆರಾದ ಎತ್ತರದಲ್ಲಿ ಇನ್ನೂ ಜೀವಂತವಾಗಿದ್ದ ಹಿಮನದಿಯನ್ನು ಹುಡುಕಿ ತೋರಿಸಿದರು. 1871ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಟ್ರಿಬ್ಯೂನ್ ಪತ್ರಿಕೆ ಅವರ ಲೇಖನವನ್ನು ಪ್ರಕಟಿಸಿತು. ಹಿಮದ ಪಾತ್ರವನ್ನು ಅವರು ಸ್ವಲ್ಪ ಹೆಚ್ಚಾಗಿಯೇ ಎಣಿಸಿದ್ದರು, ನದಿಗಳ ಪಾಲೂ ದೊಡ್ಡದು ಎಂದು ನಂತರದ ಸಂಶೋಧನೆ ತೋರಿಸಿತು. ಆದರೆ ವಿಟ್ನಿಯವರಿಗಿಂತ ಅವರೇ ಸತ್ಯಕ್ಕೆ ಹತ್ತಿರವಿದ್ದರು. ಬಾಲ್ಯದ ಸರೋವರವನ್ನು ಮಾಡಿದ ಹಿಮವೇ ಯೊಸೆಮಿಟಿಯನ್ನೂ ಕೆತ್ತಿತ್ತು. ತಮ್ಮ ಸರೋವರವೂ ಹಿಮದ ಕೂಸು ಎಂಬುದು ಮ್ಯೂರ್‌ಗೆ ಅರಿವಾದದ್ದು ಹಿಮದ ಭಾಷೆ ಕಲಿತ ಮೇಲೆ.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. 1860ರ ದಶಕದಲ್ಲಿ, ಊರು ಬಿಟ್ಟು ದೂರ ಹೊರಡುವ ಮೊದಲು ಮ್ಯೂರ್ ಒಂದು ಪ್ರಯತ್ನ ಮಾಡಿದರು. ಆಗ ಸರೋವರದ ಜಮೀನು ಅಕ್ಕ ಸಾರಾಳ ಗಂಡನ ಕೈಯಲ್ಲಿತ್ತು. ಸರೋವರದ ದಡದ ನಲವತ್ತು ಎಕರೆ ಹುಲ್ಲುಗಾವಲನ್ನು ನನಗೆ ಮಾರು, ಹೇಳಿದಷ್ಟು ಬೆಲೆ ಕೊಡುತ್ತೇನೆ, ಬೇಲಿ ಹಾಕಿ ದನ, ಹಂದಿ ನುಗ್ಗದಂತೆ ಕಾಪಾಡಿಕೊಂಡು ಬಾ ಎಂದು ಭಾವನನ್ನು ಕೇಳಿಕೊಂಡರು. ಅಲ್ಲಿ ಜೇಕಿನ ಹುಲ್ಲಿನ ನಡುವೆ ನಮ್ಮ ಸೀತಾಳೆಯ ಬಳಗಕ್ಕೆ ಸೇರಿದ ಆರ್ಕಿಡ್ ಹೂಗಳು, ಅಂಚಿನಲ್ಲಿ ಜರೀಗಿಡಗಳು ಇದ್ದವು. ಮಾರುವುದಕ್ಕಲ್ಲ, ಉಳುವುದಕ್ಕಲ್ಲ, ಅದು ಅಲ್ಲಿ ಇದೆ ಎಂದು ದೂರದಲ್ಲಿದ್ದರೂ ನೆನೆಯುವುದಕ್ಕೆ ಅವರಿಗೆ ಆ ನೆಲ ಬೇಕಾಗಿತ್ತು. ಭಾವ ಒಪ್ಪಲಿಲ್ಲ. ಯಾವ ಬೇಲಿಯೂ ಹಸಿದ ದನಗಳನ್ನು ತಡೆಯಲಾರದು, ಇದು ಬರೀ ಭಾವುಕತೆ ಎಂಬುದು ಅವರ ಉತ್ತರ. ಕಾಲಕ್ರಮದಲ್ಲಿ ಆ ಹೂಗಳು ತುಳಿತಕ್ಕೆ ಸಿಕ್ಕಿ ನಾಶವಾದವು.

ಭಾವನನ್ನು ಕೆಟ್ಟವರೆಂದು ಹೇಳಲಾಗದು. ಅವರು ರೈತರು; ಹಸು ಸಾಕಬೇಕು, ಸಂಸಾರ ನಡೆಸಬೇಕು. ಆದರೆ ಆ ನಿರಾಕರಣೆಯಿಂದ ಮ್ಯೂರ್ ಒಂದು ಪಾಠ ಕಲಿತಂತಿದೆ. ಒಬ್ಬನ ಪ್ರೀತಿಯಿಂದ, ಒಬ್ಬನ ಹಣದಿಂದ ಒಂದು ಜಾಗ ಉಳಿಯುವುದಿಲ್ಲ. ಮಾಲೀಕ ಬದಲಾದರೆ ಬೇಲಿ ಬೀಳುತ್ತದೆ. ಅದು ಎಲ್ಲರ ಸ್ವತ್ತಾಗಬೇಕು, ಅದರ ಹಿಂದೆ ಕಾನೂನು ಇರಬೇಕು, ಕಾನೂನಿನ ಹಿಂದೆ ತಿಳಿದ ಜನ ಇರಬೇಕು. ಜನರಿಗೆ ತಿಳಿಸುವುದು ಹೇಗೆ? ಬರೆದು.

ಬರವಣಿಗೆ ಮ್ಯೂರ್‌ಗೆ ಸುಲಭವಾಗಿರಲಿಲ್ಲ. ಒಂದೊಂದು ಪುಟವನ್ನೂ ಮತ್ತೆ ಮತ್ತೆ ತಿದ್ದುತ್ತಿದ್ದರು. ಅವರ ಮೊದಲ ಪುಸ್ತಕ, ಕ್ಯಾಲಿಫೋರ್ನಿಯಾದ ಪರ್ವತಗಳನ್ನು ಕುರಿತದ್ದು, 1894ರಲ್ಲಿ ಹೊರಬಂದಾಗ ಅವರಿಗೆ 56 ವರ್ಷ. ಅದಕ್ಕೂ ಮೊದಲು, 1890ರಲ್ಲಿ, ಸೆಂಚುರಿ ಮಾಸಪತ್ರಿಕೆಯಲ್ಲಿ ಅವರು ಬರೆದ ಎರಡು ಲೇಖನಗಳು ಮತ್ತು ಸಂಪಾದಕ ರಾಬರ್ಟ್ ಅಂಡರ್‌ವುಡ್ ಜಾನ್ಸನ್ ಅವರ ಓಡಾಟ ಫಲ ಕೊಟ್ಟವು. ಆ ವರ್ಷದ ಅಕ್ಟೋಬರ್ 1ರಂದು ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಯಿತು. 1892ರಲ್ಲಿ ಸಿಯೆರಾ ಕ್ಲಬ್ ಆರಂಭವಾದಾಗ ಮ್ಯೂರ್ ಅಧ್ಯಕ್ಷರಾದರು. ಕೊನೆಯವರೆಗೂ ಅವರೇ ಅಧ್ಯಕ್ಷರು. 1895ರಲ್ಲಿ ಆ ಸಂಸ್ಥೆಯ ಸಭೆಯಲ್ಲಿ ಮಾತನಾಡುತ್ತ ಅವರು ನೆನೆದದ್ದು ಯಾವುದನ್ನು? ವಿಸ್ಕಾನ್ಸಿನ್‌ನ ಆ ಹುಲ್ಲುಗಾವಲನ್ನು, ಭಾವನ ಉತ್ತರವನ್ನು. ರಾಷ್ಟ್ರೀಯ ಉದ್ಯಾನ ಎಂಬ ಹೆಸರು ಕೇಳುವ ಮೊದಲೇ ತಮ್ಮ ಮನಸ್ಸಿನಲ್ಲಿ ಆ ಆಲೋಚನೆ ಇತ್ತು ಎಂದು ಹೇಳಿಕೊಂಡರು. 1903ರಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವರೊಡನೆ ಮೂರು ರಾತ್ರಿ ಯೊಸೆಮಿಟಿಯ ಬಯಲಿನಲ್ಲಿ ಮಲಗಿ, ಕಾಡಿನ ಪರವಾಗಿ ವಾದಿಸಿದರು. ಅದೇ ವರ್ಷ ಲೋಕಸಂಚಾರಕ್ಕೆ ಹೊರಟವರು ಭಾರತಕ್ಕೂ ಬಂದು ಹಿಮಾಲಯವನ್ನು, ಅಲ್ಲಿನ ದೇವದಾರು ಮರಗಳನ್ನು ನೋಡಿ ಹೋದರು.

ಎಲ್ಲ ಹೋರಾಟಗಳಲ್ಲೂ ಅವರು ಗೆಲ್ಲಲಿಲ್ಲ. ಯೊಸೆಮಿಟಿ ಉದ್ಯಾನದೊಳಗೇ ಹೆಚ್‌ಹೆಚ್ಚಿ ಎಂಬ ಇನ್ನೊಂದು ಸುಂದರ ಕಣಿವೆ ಇತ್ತು. ಸ್ಯಾನ್‌ಫ್ರಾನ್ಸಿಸ್ಕೊ ನಗರಕ್ಕೆ ನೀರು ಬೇಕಾಗಿತ್ತು. ಅಲ್ಲಿ ಅಣೆಕಟ್ಟು ಕಟ್ಟುವ ಯೋಜನೆ ಬಂತು. 1906ರ ಭೂಕಂಪ ಮತ್ತು ಬೆಂಕಿಯ ನಂತರ ನಗರದ ಬೇಡಿಕೆಗೆ ಬಲ ಹೆಚ್ಚಿತು. ಮ್ಯೂರ್ ವರ್ಷಗಟ್ಟಲೆ ಪ್ರತಿಭಟಿಸಿದರು. 1913ರ ಡಿಸೆಂಬರ್‌ನಲ್ಲಿ ಮಸೂದೆ ಕಾನೂನಾಯಿತು; ಕಣಿವೆ ಮುಳುಗಿತು. ಕೃತಕ ಸರೋವರವೊಂದಕ್ಕಾಗಿ ಕಣಿವೆ ಕಳೆದುಕೊಂಡ ದುಃಖ ಸರೋವರದ ದಡದಲ್ಲಿ ಬೆಳೆದವನಿಗೆ ಬಂತು. ನಗರದ ಬಾಯಾರಿಕೆ ಮತ್ತು ಕಣಿವೆಯ ಹಕ್ಕು, ಇವೆರಡನ್ನು ತೂಗುವ ಪ್ರಶ್ನೆ ಇಂದಿಗೂ ಮುಗಿದಿಲ್ಲ. ನಾವೂ ಅಣೆಕಟ್ಟುಗಳ ನೀರು ಕುಡಿಯುವವರೇ ಆದ್ದರಿಂದ ಇದಕ್ಕೆ ಸುಲಭದ ಉತ್ತರ ಹೇಳಲು ನಾನು ಹಿಂಜರಿಯುತ್ತೇನೆ.

ಇನ್ನೊಂದು ಮಾತನ್ನೂ ಮರೆಮಾಚಬಾರದು. ವಿಸ್ಕಾನ್ಸಿನ್‌ನ ಆ ನೆಲ ಸ್ವಲ್ಪ ಕಾಲದ ಹಿಂದಿನವರೆಗೂ ಮೂಲನಿವಾಸಿಗಳದಾಗಿತ್ತು. ಯೊಸೆಮಿಟಿಯಿಂದಲೂ 1851ರಲ್ಲಿ ಅಲ್ಲಿನ ಜನರನ್ನು ಬಲವಂತವಾಗಿ ಹೊರಹಾಕಲಾಗಿತ್ತು. ಮ್ಯೂರ್ ತಮ್ಮ ಕೆಲವು ಬರಹಗಳಲ್ಲಿ ಮೂಲನಿವಾಸಿಗಳನ್ನೂ ಕಪ್ಪು ಜನರನ್ನೂ ಹೀನಾಯವಾಗಿ ಚಿತ್ರಿಸಿದ್ದಾರೆ. ಅಲಾಸ್ಕದಲ್ಲಿ ಅವರೊಡನೆ ಪ್ರಯಾಣ ಮಾಡಿದ ನಂತರ ಅವರ ಮಾತಿನ ಧಾಟಿ ಬದಲಾಯಿತಾದರೂ ಬರೆದದ್ದು ಬರೆದದ್ದೇ. 2020ರಲ್ಲಿ ಸಿಯೆರಾ ಕ್ಲಬ್ ತಾನೇ ಇದನ್ನು ಬಹಿರಂಗವಾಗಿ ಒಪ್ಪಿಕೊಂಡಿತು. ಹಕ್ಕಿಯ ನೋವು ಅರಿತವರಿಗೆ ಮನುಷ್ಯನ ನೋವು ಕಾಣದೆ ಹೋಗಬಹುದು ಎಂಬುದು ಕೂಡ ಈ ಬದುಕಿನ ಒಂದು ಪಾಠ.

ತಮ್ಮ ಬಾಲ್ಯವನ್ನು ಮ್ಯೂರ್ ಬರೆದದ್ದು ಬಹಳ ತಡವಾಗಿ. 1908ರಲ್ಲಿ ರೈಲ್ವೆ ಉದ್ಯಮಿ ಹ್ಯಾರಿಮನ್ ಅವರನ್ನು ಆರೆಗಾನ್ ರಾಜ್ಯದ ಕ್ಲಾಮತ್ ಸರೋವರದ ದಡದ ತಮ್ಮ ಮನೆಗೆ ಕರೆಸಿ, ಮ್ಯೂರ್ ಹೇಳಿದ್ದನ್ನೆಲ್ಲ ಬರೆದುಕೊಳ್ಳುವಂತೆ ತಮ್ಮ ಕಾರ್ಯದರ್ಶಿಗೆ ಹೇಳಿದರು. ಒಂದು ಸರೋವರದ ದಡದಲ್ಲಿ ಕುಳಿತು ಇನ್ನೊಂದು ಸರೋವರದ ನೆನಪು ತೆಗೆದರು. ಆ ಆತ್ಮಕಥನ 1913ರಲ್ಲಿ ಪುಸ್ತಕವಾಯಿತು. ಆ ವರ್ಷ ಅವರಿಗೆ 75 ತುಂಬಿತು. 1914ರ ಡಿಸೆಂಬರ್ 24ರಂದು ನ್ಯುಮೋನಿಯಾದಿಂದ ಲಾಸ್ ಏಂಜಲಿಸ್‌ನಲ್ಲಿ ನಿಧನರಾದರು.

ಆ ಸರೋವರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ವಿಸ್ಕಾನ್ಸಿನ್‌ನ ಇನ್ನೊಂದು ಮರಳುನೆಲದಲ್ಲಿ ಹಾಳಾದ ಜಮೀನೊಂದನ್ನು ಕೊಂಡು ಮತ್ತೆ ಗಿಡ ನೆಟ್ಟ ಆಲ್ಡೊ ಲಿಯೊಪೋಲ್ಡ್ ಎಂಬ ಅರಣ್ಯವಿಜ್ಞಾನಿ, ಮ್ಯೂರ್ ಹುಲ್ಲುಗಾವಲು ಕೊಳ್ಳಲು ಹೊರಟ ಸಂಗತಿಯನ್ನು ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ನೆನೆದರು. ಅವರು ತೀರಿಕೊಂಡದ್ದು 1948ರ ಏಪ್ರಿಲ್ 21ರಂದು, ಮ್ಯೂರ್ ಹುಟ್ಟಿದ ದಿನ. ಪುಸ್ತಕ 1949ರಲ್ಲಿ ಪ್ರಕಟವಾಯಿತು. 1950ರ ದಶಕದಲ್ಲಿ ಅಲ್ಲಿನ ಸ್ಥಳೀಯ ಆಡಳಿತ ಸರೋವರದ ಸುತ್ತ ಮ್ಯೂರ್ ಹೆಸರಿನ ಉದ್ಯಾನ ಮಾಡಿತು. 1990ರಲ್ಲಿ ಆ ಜಮೀನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು. ಹಣ ಕೊಟ್ಟರೂ ಒಬ್ಬನಿಗೆ ದಕ್ಕದ ದಡ, ಸುಮಾರು ತೊಂಬತ್ತು ವರ್ಷದ ನಂತರ ಎಲ್ಲರದಾಯಿತು.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಊರಿನ ಹತ್ತಿರವೂ ಒಂದು ಕೆರೆ ಇರಬಹುದು, ಕಟ್ಟೆ ಇರಬಹುದು, ಹಳ್ಳ ಇರಬಹುದು. ಈ ವಾರ ಅಲ್ಲಿಗೆ ಒಂದು ಸಲ ಹೋಗಿ. ಒಂದು ನೋಟ್‌ಪುಸ್ತಕ ಒಯ್ಯಿರಿ. ದಿನಾಂಕ ಬರೆಯಿರಿ, ನೀರು ಯಾವ ಮೆಟ್ಟಿಲವರೆಗೆ ಇದೆ ಬರೆಯಿರಿ, ಕಂಡ ಹಕ್ಕಿ, ಹೂವು, ಹುಳುಗಳನ್ನು ಬರೆಯಿರಿ. ಹೆಸರು ತಿಳಿಯದಿದ್ದರೆ ದಡದಲ್ಲಿ ದನ ಮೇಯಿಸುವ ಅಜ್ಜನನ್ನು, ಬಟ್ಟೆ ಒಗೆಯುವ ಅಮ್ಮನನ್ನು ಕೇಳಿ, ಅವರಿಗೆ ತಿಳಿದಿರುತ್ತದೆ. ಮುಂದಿನ ತಿಂಗಳು ಮತ್ತೆ ಹೋಗಿ. ಒಂದು ವರ್ಷ ಹೀಗೆ ಬರೆದರೆ ನಿಮ್ಮ ಊರಿನ ಕೆರೆಯ ಬಗ್ಗೆ ಯಾವ ಪುಸ್ತಕದಲ್ಲೂ ಇಲ್ಲದ ವಿಷಯ ನಿಮ್ಮ ಕೈಯಲ್ಲಿರುತ್ತದೆ. ಯಾರಾದರೂ ಆ ಕೆರೆಯ ಅಂಗಳಕ್ಕೆ ಮಣ್ಣು ತುಂಬಲು ಬಂದ ದಿನ, ಅಲ್ಲಿ ಏನಿತ್ತು ಎಂದು ಹೇಳಬಲ್ಲವರು ನೀವಾಗಿರುತ್ತೀರಿ.